ಹಾರ್ಡ್ ಡಿಸ್ಕ್ ವೈಪ್ ಮಾಡುವುದೆಂದರೆ ಏನು?

ಪ್ರಶ್ನೆ: ಕಂಪ್ಯೂಟರನ್ನು ಬೇರೆಯವರಿಗೆ ಕೊಡುವ ಮುನ್ನ ಹಾರ್ಡ್ ಡಿಸ್ಕನ್ನು ವೈಪ್ ಮಾಡಬೇಕೆನ್ನುತ್ತಾರೆ. ಫೈಲುಗಳನ್ನು ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೆ ಸಾಲದೇ?

ಉತ್ತರ 1: ಖಂಡಿತ ಸಾಲದು. ಡಿಲೀಟ್ ಮಾಡಿದಾಗ ಪುಸ್ತಕದ ಪರಿವಿಡಿಯಿಂದ ಅಧ್ಯಾಯದ ಹೆಸರನ್ನಷ್ಟೇ ಹೊಡೆದುಹಾಕಿದಂತಾಗುತ್ತದೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವವರೆಗೂ ಮಾಹಿತಿ ಹಾಗೆಯೇ ಉಳಿದಿದ್ದು, ರಿಕವರಿ ಸಾಫ್ಟ್‌ವೇರ್ ಅದನ್ನು ಹೊರತೆಗೆಯಬಲ್ಲದು. ವೈಪ್ ಮಾಡಿದಾಗ ಪ್ರತಿ ಸೆಕ್ಟರಿನ (ಡಿಸ್ಕಿನಲ್ಲಿ ಮಾಹಿತಿ ಇಡುವ ಚಿಕ್ಕ ಭಾಗ) ಮೇಲೂ ಸೊನ್ನೆಗಳನ್ನು ಬರೆಯಲಾಗುತ್ತದೆ. ಪರಿವಿಡಿಯನ್ನಷ್ಟೇ ಹೊಸದಾಗಿಸುವ ಕ್ವಿಕ್ ಫಾರ್ಮ್ಯಾಟ್ ಈ ಕೆಲಸ ಮಾಡುವುದಿಲ್ಲ. ವಿಂಡೋಸ್ ವಿಸ್ತಾದಿಂದೀಚೆಗಿನ ಪೂರ್ಣ ಫಾರ್ಮ್ಯಾಟ್ ಮಾಡುತ್ತದೆ.

ಉತ್ತರ 2: ತಿರುಗುವ ಡಿಸ್ಕಿಗೆ ಈ ಮಾತು ಸರಿ. ಆದರೆ ಎಸ್‌ಎಸ್‌ಡಿಯಲ್ಲಿ (ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡ್ರೈವ್) ಅದನ್ನು ನಿಯಂತ್ರಿಸುವ ಕಂಟ್ರೋಲರ್ ಚಿಪ್ಪು ಸವೆತವನ್ನು ಎಲ್ಲೆಡೆ ಹಂಚಲೆಂದು ಹೊಸ ಬರಹವನ್ನು ಬೇರೆಡೆ ಇಡುವುದರಿಂದ ಹಳೆಯ ತುಣುಕುಗಳು ಉಳಿಯಬಹುದು. ಆದ್ದರಿಂದ ದಯವಿಟ್ಟು ತಯಾರಕರು ಒದಗಿಸುವ ಸೆಕ್ಯೂರ್ ಇರೇಸ್ ಸೌಲಭ್ಯವನ್ನೇ ಬಳಸಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನನ್ನದು ತಿರುಗುವ ಡಿಸ್ಕು. ಒಮ್ಮೆ ಬರೆದರೆ ಸಾಕೇ?

ಉತ್ತರ 1: ಸಾಕು. ಡಿಸ್ಕಿನ ಮೇಲೆ 35 ಬಾರಿ ಬರೆಯಬೇಕೆನ್ನುವ ವಿಧಾನವೂ ಇದೆ, ಆದರೆ ಅದು 1996ರದು, ಅಂದಿನ ಡಿಸ್ಕುಗಳಿಗಾಗಿ ರೂಪಿಸಿದ್ದು. ವೈಪ್ ಮಾಡುವ ಮೊದಲು, ನಿಮಗೆ ಬೇಕಾದ ಫೈಲುಗಳ ಬ್ಯಾಕಪ್ ತೆರೆದು ಪರಿಶೀಲಿಸಿ.