ಟೂಮ್ ರೈಡರ್ 1: ಲಾರಾ ಬೀಳುತ್ತಲೇ ಇದ್ದಾಳೆ, ತಪ್ಪು ನನ್ನದಾ ಆಟದ್ದಾ?

ನಿದ್ದೆಗೆಟ್ಟವ:
ಮೊದಲೇ ಹೇಳಿಬಿಡುತ್ತೇನೆ, ನಾನು ಈ ವಿಡಿಯೋ ಗೇಮ್ ಸರಣಿಗೆ ಹಿಂಬಾಗಿಲಿಂದ ಬಂದವನು. 2013ರ ಆಟ ಮೊದಲು ಆಡಿದೆ, ಆಮೇಲೆ ಅದರ ಮುಂದಿನ ಎರಡನ್ನೂ ಮುಗಿಸಿದೆ. ಎಲ್ಲ ಶುರುವಾಗಿದ್ದು 1996ರಲ್ಲಿ ಅಂತ ಎಲ್ಲರೂ ಹೇಳುತ್ತಾರಲ್ಲ, ನೋಡೇಬಿಡೋಣ ಅಂತ 2024ರಲ್ಲಿ ಹೊಸ ಗ್ರಾಫಿಕ್ಸ್‌ನೊಂದಿಗೆ ಬಂದ ಅದರ ರಿಮಾಸ್ಟರ್ ಅನ್ನು ಪಿಸಿಯಲ್ಲಿ ಹಾಕಿಕೊಂಡೆ.

ಪೆರು ಭಾಗ ಹೇಗೋ ದಾಟಿತು. ಅದರ ಲಾಸ್ಟ್ ವ್ಯಾಲಿಯಲ್ಲಿ ಕತ್ತಲೆಯಿಂದ ಟಿ-ರೆಕ್ಸ್ ಡೈನೋಸಾರ್ ಓಡಿಬಂದಾಗ ಕುರ್ಚಿಯಿಂದ ಎದ್ದೇಬಿಟ್ಟಿದ್ದೆ, ಅಷ್ಟು ಚೆನ್ನಾಗಿತ್ತು. ಈಗ ಗ್ರೀಸ್‌ಗೆ ಬಂದಿದ್ದೇನೆ, ಸೇಂಟ್ ಫ್ರಾನ್ಸಿಸ್ ಫಾಲಿ ಅನ್ನೋ ಲೆವೆಲ್. ಬಾವಿ ತರ ಆಳವಾದ ಒಂದೇ ದೊಡ್ಡ ಕೋಣೆ, ಸುತ್ತ ಕಂಬ, ಕಟ್ಟೆ, ಬಾಗಿಲು. ಮೂರು ದಿನದಿಂದ ನಾನು ಮಾಡುತ್ತಿರುವುದು ಒಂದೇ ಕೆಲಸ, ಬೀಳುವುದು. ಮಾಡರ್ನ್ ಕಂಟ್ರೋಲ್ (ಕ್ಯಾಮೆರಾ ನೋಡುವ ದಿಕ್ಕು ಹಿಡಿದು ಓಡಿಸುವ ಹೊಸ ವಿಧಾನ) ಇಟ್ಟುಕೊಂಡಿದ್ದೇನೆ. ಜಂಪ್ ಒತ್ತಿದರೆ ನಾಯಕಿ ಲಾರಾ ಇನ್ನೊಂದು ಹೆಜ್ಜೆ ಓಡಿ ಆಮೇಲೆ ಹಾರುತ್ತಾಳೆ, ಅಷ್ಟರಲ್ಲಿ ಕಾಲಡಿ ನೆಲವೇ ಇರುವುದಿಲ್ಲ. ಹಳೇ ಟ್ಯಾಂಕ್ ಕಂಟ್ರೋಲ್‌ಗೆ ಹೋಗಬೇಕಾ, ಅಂದರೆ ಎಡ ಬಲ ಒತ್ತಿದರೆ ಲಾರಾ ನಿಂತಲ್ಲೇ ತಿರುಗುವ, ಮುಂದಕ್ಕೆ ಒತ್ತಿದರೆ ಮುಖ ಮಾಡಿದ ಕಡೆ ಹೋಗುವ ವಿಧಾನಕ್ಕೆ? ಹತ್ತು ನಿಮಿಷ ಆಡಿ ನೋಡಿದೆ, ಲಾರಿ ರಿವರ್ಸ್ ತೆಗೆದ ಹಾಗಿತ್ತು.

ಇನ್ನೊಂದು ವಿಷಯ. ಪಿಯೆರ್ ಅನ್ನೋನು ಬಂದು ಗುಂಡು ಹಾರಿಸುತ್ತಾನೆ, ನಾನೂ ಶಾಟ್‌ಗನ್ ಖಾಲಿ ಮಾಡುತ್ತೇನೆ, ಕಂಬದ ಹಿಂದೆ ಹೋದವನು ಮಾಯ. ಇದು ಬಗ್ಗಾ?

ಕಲ್ಲುಮೆಟ್ಟಿಲು:
ಬಗ್ಗಲ್ಲ, ಅವನ ಕೆಲಸವೇ ಅದು. ಪಿಯೆರ್ ಗ್ರೀಸ್ ಉದ್ದಕ್ಕೂ ಹೀಗೇ ಬಂದು ಓಡಿಹೋಗುತ್ತಾನೆ, ಸಾಯುವುದು ಟೂಮ್ ಆಫ್ ಟಿಹೋಕನ್ ಲೆವೆಲ್‌ನ ಕೊನೆಯಲ್ಲಿ. ಅಲ್ಲಿವರೆಗೆ ಅವನ ಮೇಲೆ ಪಿಸ್ತೂಲು ಮಾತ್ರ ಬಳಸಿ, ಅದರ ಗುಂಡು ಮುಗಿಯುವುದೇ ಇಲ್ಲ. ಶಾಟ್‌ಗನ್ ಗುಂಡನ್ನು ಅವನಿಗೆ ಸುರಿದು ನಾನೂ ಒಂದು ಕಾಲದಲ್ಲಿ ಅತ್ತವನೇ.

ಇನ್ನು ಬೀಳುವ ವಿಷಯ. ಟ್ಯಾಂಕ್‌ಗೆ ಹೋಗಿ, ಆದರೆ ಹತ್ತು ನಿಮಿಷಕ್ಕೆ ತೀರ್ಮಾನ ಮಾಡಬೇಡಿ. ಹೊಸ ಆಟಗಳಲ್ಲಿ ನೀವು ಸುಮಾರಾಗಿ ಒಂದು ದಿಕ್ಕಿಗೆ ಹಾರಿದರೆ ಸಾಕು, ಉಳಿದದ್ದನ್ನು ಆಟವೇ ನೋಡಿಕೊಂಡು ಕೈಯನ್ನು ಕಟ್ಟೆಗೆ ಅಂಟಿಸುತ್ತದೆ. ಇಲ್ಲಿ ಯಾರೂ ಹಿಡಿಯುವುದಿಲ್ಲ. ಬದಲಿಗೆ ಎಲ್ಲಕ್ಕೂ ಲೆಕ್ಕ ಇದೆ. ನೆಲವನ್ನು ಗಮನಿಸಿ ನೋಡಿ, ಇಡೀ ಲೆವೆಲ್ ಒಂದೇ ಅಳತೆಯ ಚೌಕಗಳಿಂದ ಮಾಡಿದ್ದು. ನಿಂತಲ್ಲಿಂದ ಹಾರಿದರೆ ಒಂದು ಚೌಕದ ಅಂತರ ದಾಟುತ್ತಾಳೆ, ಆಕ್ಷನ್ ಕೀ ಒತ್ತಿ ಆಚೆ ಕಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡರೆ ಎರಡು. ಓಡಿ ಹಾರಿದರೆ ಎರಡು, ಹಿಡಿದುಕೊಂಡರೆ ಮೂರು. ಅಷ್ಟೇ. ಮೂರಕ್ಕಿಂತ ಜಾಸ್ತಿ ಇದ್ದರೆ ದಾರಿ ಅದಲ್ಲ, ಬೇರೆ ಕಡೆ ಹುಡುಕಿ.

ಓಡಿ ಹಾರೋದು ಹೀಗೆ: ವಾಕ್ ಕೀ ಒತ್ತಿ ಹಿಡಿದು ಅಂಚಿನವರೆಗೆ ನಡೆಯಿರಿ. ವಾಕ್ ಒತ್ತಿದ್ದರೆ ಅವಳು ಎಷ್ಟು ತಳ್ಳಿದರೂ ಬೀಳುವುದಿಲ್ಲ, ಅಂಚಲ್ಲಿ ನಿಲ್ಲುತ್ತಾಳೆ. ಈಗ ವಾಕ್ ಬಿಟ್ಟು ಒಂದು ಸಲ ಹಿಂದಕ್ಕೆ ಒತ್ತಿ, ಪುಟ್ಟದಾಗಿ ಹಿಂದಕ್ಕೆ ಜಿಗಿಯುತ್ತಾಳೆ. ಆ ಒಂದು ಜಿಗಿತ ಅಂದರೆ ಓಟಕ್ಕೆ ಬೇಕಾದಷ್ಟೇ ಜಾಗ. ಮುಂದಕ್ಕೆ ಒತ್ತಿ, ಓಡಲು ಶುರುಮಾಡಿದ ಕೂಡಲೇ ಜಂಪ್ ಒತ್ತಿ ಹಿಡಿದುಬಿಡಿ. ಅಂಚಿಗೆ ಬಂದಾಗ ತಾನೇ ಹಾರುತ್ತಾಳೆ. ನಿಮಗೆ ‘ಇನ್ನೊಂದು ಹೆಜ್ಜೆ ಓಡುತ್ತಾಳೆ’ ಅನ್ನಿಸಿದ್ದು ಇದೇ. ಅದು ತಡ ಅಲ್ಲ, ಅವಳು ಹೆಜ್ಜೆ ಕೂಡಿಸಿಕೊಳ್ಳುವುದು.

ಫಾಲಿಯಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು. ಅಂಚಿಗೆ ಬೆನ್ನು ಮಾಡಿ ನಿಲ್ಲಿ, ಹಿಂದಕ್ಕೆ ಜಿಗಿದು ಆಕ್ಷನ್ ಹಿಡಿದರೆ ಕಟ್ಟೆಗೆ ನೇತಾಡುತ್ತಾಳೆ. ಆಮೇಲೆ ಕೈ ಬಿಟ್ಟರೆ ಕೆಳಗಿನ ಕಟ್ಟೆಗೆ ಪೆಟ್ಟಾಗದೆ ಇಳಿಯಬಹುದು.

ಬಟನ್_ಬಡಿಯುವವ:
ಟ್ಯಾಂಕ್ ಕಂಟ್ರೋಲ್ ಅಂದರೆ ದೇವರು ಕೊಟ್ಟದ್ದು ಅನ್ನೋ ತರ ಮಾತಾಡುತ್ತೀರಲ್ಲ ಗುರು. ನಾನು ಇಡೀ ಆಟ ಮಾಡರ್ನ್‌ನಲ್ಲೇ ಮುಗಿಸಿದ್ದೇನೆ. ಹೊಡೆದಾಟದಲ್ಲಿ ಅದು ಎಷ್ಟೋ ಆರಾಮ, ಸಿಂಹ ಮೇಲೆ ಬಿದ್ದಾಗ ಯಾವ ಕಡೆ ಬೇಕೋ ಆ ಕಡೆ ಓಡಬಹುದು. ರಿಮಾಸ್ಟರ್‌ನಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಹಾಗಾಗಿ ಪ್ರತಿ ಜಂಪಿಗೂ ಸೇವ್ ಮಾಡಿ, ಬಿದ್ದರೆ ಲೋಡ್ ಮಾಡಿ. ಆಗ ಮೂಲ ಆಟವನ್ನು ಪ್ಲೇಸ್ಟೇಷನ್‌ನಲ್ಲಿ ಆಡಿದವರಿಗೆ ನೀಲಿ ಹರಳು ಸಿಕ್ಕಲ್ಲಿ ಮಾತ್ರ ಸೇವ್, ಅದೂ ಒಂದು ಹರಳಿಗೆ ಒಂದೇ ಸಲ. ಅವರ ಕಷ್ಟದ ಮುಂದೆ ನಮ್ಮದೇನು.

ಹಾಂ, ಕತ್ತಲೆಯಲ್ಲಿ ಏನೂ ಕಾಣದಿದ್ದರೆ ಎಫ್1 ಒತ್ತಿ. ಹಳೇ ಗ್ರಾಫಿಕ್ಸ್ ಬರುತ್ತದೆ, ಎಷ್ಟೋ ಕಡೆ ಬಿದ್ದಿರುವ ಸಾಮಾನು, ಸ್ವಿಚ್ಚು ಅದರಲ್ಲೇ ಬೇಗ ಕಣ್ಣಿಗೆ ಬೀಳುತ್ತದೆ.

ಚೌಕಬಾರ:
ಎಫ್1 ಮಾತು ಒಪ್ಪಿದೆ. ಕಂಟ್ರೋಲ್ ವಿಷಯದಲ್ಲಿ ಮಾತ್ರ ಕಲ್ಲುಮೆಟ್ಟಿಲು ಅವರ ಕಡೆ ನಾನು.

2000ದಲ್ಲಿ ಇದೇ ಸರಣಿಯ ಕ್ರಾನಿಕಲ್ಸ್‌ನ ಪಿಸಿ ಆವೃತ್ತಿ ಜೊತೆ ಲೆವೆಲ್ ಎಡಿಟರ್ (ನಾವೇ ಲೆವೆಲ್ ಕಟ್ಟುವ ತಂತ್ರಾಂಶ) ಕೊಟ್ಟಿದ್ದರು. ಅದರಲ್ಲಿ ಸ್ವಲ್ಪ ದಿನ ಕೈಯಾಡಿಸಿದ್ದೇನೆ. ಅದನ್ನು ತೆರೆದ ದಿನವೇ ಈ ಆಟಗಳು ನನಗೆ ಬೇರೆ ತರ ಕಂಡವು. ಕೋಣೆ ಅಂದರೆ ಚೌಕಗಳ ಹಾಸು, ಒಂದೊಂದು ಚೌಕವನ್ನೂ ಎತ್ತಬಹುದು, ತಗ್ಗಿಸಬಹುದು. ಒಂದು ಪೂರ್ತಿ ಬ್ಲಾಕಿನ ಎತ್ತರ ಅಂದರೆ ನಾಲ್ಕು ಕ್ಲಿಕ್ (ಎತ್ತರದ ಅತಿ ಸಣ್ಣ ಅಳತೆಗೆ ಅಲ್ಲಿನ ಹೆಸರು). ನಾನು ಒಂದು ಹಳ್ಳ ಮಾಡಿ ಆಚೆ ಕಟ್ಟೆ ಇಟ್ಟರೆ, ಅದನ್ನು ಲಾರಾ ದಾಟುತ್ತಾಳೋ ಇಲ್ಲವೋ ಅಂತ ಆಡಿ ನೋಡುವ ಮೊದಲೇ ಬೆರಳಲ್ಲಿ ಎಣಿಸಿ ಹೇಳಬಹುದಿತ್ತು. ಹಾಗಾಗಿ ಅವಳ ನಡಿಗೆ ಒಂದು ಕಡೆ, ಲೆವೆಲ್ ಇನ್ನೊಂದು ಕಡೆ ಅಂತ ಇಲ್ಲ, ಎರಡಕ್ಕೂ ಅಳತೆಗೋಲು ಒಂದೇ. ಟ್ಯಾಂಕ್‌ನಲ್ಲಿ ಆ ಅಳತೆ ನಿಮ್ಮ ಕೈಗೆ ಸಿಗುತ್ತದೆ. ಮಾಡರ್ನ್‌ನಲ್ಲಿ ದಿಕ್ಕು ಕ್ಯಾಮೆರಾ ಹಿಡಿದು ಹೋಗುತ್ತದೆ, ಕ್ಯಾಮೆರಾ ಚೂರು ವಾಲಿದರೆ ಜಂಪೂ ವಾಲಿತು. ಹೊಡೆದಾಟಕ್ಕೆ ಪರವಾಗಿಲ್ಲ. ಮೂರು ಚೌಕದ ಹಳ್ಳಕ್ಕೆ ಅದು ಸಾಲದು.

ಡರ್ಬಿಯ ಕೋರ್ ಡಿಸೈನ್‌ನವರು ಇದನ್ನು ಮಾಡಿದಾಗ 3ಡಿ ಆಟದಲ್ಲಿ ಮನುಷ್ಯರನ್ನು ಹೇಗೆ ಓಡಾಡಿಸಬೇಕು ಅಂತ ಯಾರೂ ಇನ್ನೂ ತೀರ್ಮಾನ ಮಾಡಿರಲಿಲ್ಲ. ಆಮೇಲೆ ಬಂದ ಉತ್ತರಗಳು ಸುಲಭ, ನಿಜ. ಆದರೆ ಇದೇ ಆಟವನ್ನು ಹೊಸದಾಗಿ ಮಾಡಿದ 2007ರ ಆನಿವರ್ಸರಿಯಲ್ಲಿ ಇದೇ ಫಾಲಿ ಇದೆ, ನೋಡಲು ಇದಕ್ಕಿಂತ ಚೆಂದ. ಅಲ್ಲಿ ಹಾರುವಾಗ ನನ್ನ ಎದೆ ಒಂದು ಸಲವೂ ಹೊಡೆದುಕೊಳ್ಳಲಿಲ್ಲ.

ಬಟನ್_ಬಡಿಯುವವ:
ನಮ್ಮದು ಹೊಡೆದುಕೊಂಡಿತು ಸ್ವಾಮಿ. ಇರಲಿ ಬಿಡಿ.

ನಿದ್ದೆಗೆಟ್ಟವ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಟ್ಯಾಂಕ್‌ಗೆ ಹೋದೆ. ಮೊದಲ ಅರ್ಧ ಗಂಟೆ ಬೈದುಕೊಂಡೇ ಆಡಿದೆ, ಆಮೇಲೆ ಯಾವಾಗಲೋ ಬೈಯೋದು ನಿಂತಿತ್ತು. ಈಗ ಹಳ್ಳ ಕಂಡರೆ ಮೊದಲು ಚೌಕ ಎಣಿಸುತ್ತೇನೆ. ಫಾಲಿಯ ಬಾಗಿಲುಗಳ ಹಿಂದೆ ಬೀಗದ ಕೈ ಇರುವ ನಾಲ್ಕು ಕೋಣೆಗಳಲ್ಲಿ ನೆಪ್ಚೂನ್, ಅಟ್ಲಾಸ್, ಥಾರ್ ಮೂರೂ ಮುಗಿದವು. ಥಾರ್ ಸುತ್ತಿಗೆಗೆ ಎರಡು ಸಲ ಚಪ್ಪಟೆಯಾದೆ, ಅದಕ್ಕೆ ಯಾವ ಕಂಟ್ರೋಲನ್ನೂ ದೂರುವ ಹಾಗಿಲ್ಲ. ಡ್ಯಾಮೊಕ್ಲಿಸ್ ಉಳಿದಿದೆ. ಮೇಲೆ ಕತ್ತಿಗಳು ನೇತಾಡುತ್ತಿವೆ, ಒಳಗೆ ಕಾಲಿಡೋಕೆ ಮನಸ್ಸಿಲ್ಲ.

ಕಲ್ಲುಮೆಟ್ಟಿಲು:
ಓಡಬೇಡಿ, ಒಂದೊಂದೇ ಹೆಜ್ಜೆ ನಡೆಯಿರಿ, ಕತ್ತಿ ಅಲುಗಿದರೆ ಹಿಂದಕ್ಕೆ ಜಿಗಿಯಿರಿ. ನಾಲ್ಕನೇ ಬೀಗದ ಕೈ ಸಿಕ್ಕರೆ ತಳದ ಬಾಗಿಲು ತೆರೆಯುತ್ತದೆ.

ಮುಂದೆ ಪ್ಯಾಲೇಸ್ ಮೈಡಾಸ್‌ನಲ್ಲಿ ಒಂದು ದೊಡ್ಡ ಕಲ್ಲಿನ ಕೈ ಬಿದ್ದಿರುತ್ತದೆ. ಅದರ ಮೇಲೆ ಹತ್ತುವ ಮೊದಲು ಸೇವ್ ಮಾಡಿಕೊಳ್ಳಿ. ಯಾಕೆ ಅಂತ ನಾನು ಹೇಳುವುದಿಲ್ಲ, ಆದರೆ ಹತ್ತಿ.