ಹದಿನಾಲ್ಕರ ಹುಡುಗಿಯನ್ನು ಯಾವ ಕಾಲದಲ್ಲಿ ಇಡಲಿ?

ಕಾಫಿಪುಡಿ:
ಹೈಸ್ಕೂಲ್ ಮಕ್ಕಳಿಗೆ ಅಂತ ಒಂದು ಕಾದಂಬರಿ ಹಿಡಿದಿದ್ದೇನೆ. ನಾಯಕಿಗೆ 14 ವರ್ಷ, ಜಗಳಗಂಟಿ. ಇಟ್ಟಿರುವುದು ಕೃಷ್ಣದೇವರಾಯನ ಕಾಲದ ಹಂಪಿಯಲ್ಲಿ. ಅವಳು ಬಜಾರು ನೋಡುತ್ತಾಳೆ, ಗುಲಾಬಿ ಮಾರುವವರನ್ನು ನೋಡುತ್ತಾಳೆ, ಮಹಾನವಮಿ ದಿಬ್ಬದ ಮುಂದೆ ಆನೆ ನೋಡುತ್ತಾಳೆ. ಬರೀ ನೋಡುವುದೇ ಆಯಿತು! ಟೂರಿಸ್ಟ್ ಬಸ್ಸಿನಿಂದ ಇಳಿದವಳ ಹಾಗೆ. ನಮ್ಮನೆ ಎಂಟನೇ ಕ್ಲಾಸಿನವನು ಓದುತ್ತಾ ಓದುತ್ತಾ ಎದ್ದು ಹೋದ. ಕಾಲ ಬದಲಾಯಿಸಲಾ? 1898ರ ಪ್ಲೇಗ್ ಬೆಂಗಳೂರು ತಲೆಯಲ್ಲಿದೆ. ಮಕ್ಕಳಿಗೆ ಸಾವು ಜಾಸ್ತಿ ಆಗುತ್ತದಾ?

ಹಳೇಪೇಟೆ:
ಕೋವಿಡ್ ಕಂಡ ಮಕ್ಕಳು ಮೇಡಂ, ತಡೆದುಕೊಳ್ಳುತ್ತಾರೆ. ಪೇಟೆಯ ಒತ್ತೊತ್ತು ಮನೆಗಳು, ಊರಾಚೆ ಗುಡಿಸಲು ಹಾಕಿಕೊಂಡ ಸಂಸಾರಗಳು, ಪ್ಲೇಗಮ್ಮನ ಗುಡಿ. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೂ ಆ ಭಯದಿಂದಲೇ. ದೊಡ್ಡವರು ಹಾಸಿಗೆ ಹಿಡಿದರೆ ಇಡೀ ಮನೆ ನಿಮ್ಮ ಹುಡುಗಿಯ ತಲೆ ಮೇಲೆ. ಸುಮ್ನೆ ನೋಡುತ್ತಾ ನಿಲ್ಲಲು ಪುರುಸೊತ್ತೇ ಇರುವುದಿಲ್ಲ.

ಶಿಕಾರಿಪುರದ ಮೇಷ್ಟ್ರು:
ತಾಯಿ, ನಮ್ಮ ತಾಲ್ಲೂಕಿಗೆ ಬನ್ನಿ. ಈಸೂರು, 1942ರ ಸೆಪ್ಟೆಂಬರ್. ಕ್ವಿಟ್ ಇಂಡಿಯಾ ಕಾವಿನಲ್ಲಿ ಊರಿನವರು ವೀರಭದ್ರ ಗುಡಿಯ ಮೇಲೆ ಬಾವುಟ ಏರಿಸಿ ತಮ್ಮದೇ ಸರ್ಕಾರ ಮಾಡಿಕೊಂಡರು. ಅಮಲ್ದಾರ, ಅಂದರೆ ಈಗಿನ ತಹಶೀಲ್ದಾರ, ಯಾರು? ಜಯಣ್ಣ ಎಂಬ ಹುಡುಗ. ಸಬ್ ಇನ್ಸ್‌ಪೆಕ್ಟರ್ ಮಲ್ಲಪ್ಪ, ಅವನೂ ಹುಡುಗನೇ. ಚಿಕ್ಕವರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ ಅಂತ ಹೇಳುತ್ತಾರೆ. ಇದನ್ನು ನಾವು ಕಲ್ಪಿಸಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ! ಇನ್ನು ನಿಮ್ಮ ಜಗಳಗಂಟಿ ಸುಮ್ಮನಿರುತ್ತಾಳಾ? ಅವನೇ ಯಾಕೆ, ನಾನ್ಯಾಕೆ ಅಮಲ್ದಾರಳಾಗಬಾರದು ಅಂತ ಮೊದಲ ಪುಟದಲ್ಲೇ ಕೇಳಲಿ.

ಆದರೆ ಆಟ ಅಲ್ಲೇ ಮುಗಿಯುವುದಿಲ್ಲ. ನಿಜವಾದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು, ಮಾತಿಗೆ ಮಾತು ಬೆಳೆಯಿತು, ಇಬ್ಬರೂ ಅಧಿಕಾರಿಗಳು ಸತ್ತರು. ಆಮೇಲೆ ಪೊಲೀಸರು, ಸೈನ್ಯ. ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐವರಿಗೆ ಗಲ್ಲು. ಶಿಕ್ಷೆ ಆದವರಲ್ಲಿ ಹೆಂಗಸರೂ ಇದ್ದರು. ಸತ್ತ ಅಧಿಕಾರಿಗಳು ಬಿಳಿಯರಲ್ಲ ನೋಡಿ. ಮೈಸೂರು ಸಂಸ್ಥಾನದ ನೌಕರರು, ಕನ್ನಡದವರೇ. ಕ್ಲಾಸಿನಲ್ಲಿ ಈ ಪಾಠ ಮಾಡುವಾಗ ಮಕ್ಕಳು ಚಪ್ಪಾಳೆ ಹೊಡೆದು, ಇಲ್ಲಿಗೆ ಬಂದಾಗ ಗಪ್ ಆಗುತ್ತಿದ್ದರು. ಕಾದಂಬರಿ ಇರುವುದು ಅಲ್ಲಿ. ಅದನ್ನು ಹಾರಿಸಿ ಬರೆಯುವುದಾದರೆ ಹಂಪಿಯೇ ವಾಸಿ.

ಅಂಚೆಪೆಟ್ಟಿಗೆ:
ಮೇಷ್ಟ್ರು ಹೇಳಿದ್ದು ಸರಿ, ಒಂದು ಎಚ್ಚರ. ಎರಡೂ ಕಡೆಯ ಮೊಮ್ಮಕ್ಕಳು ಇರುತ್ತಾರೆ. ಊರಿನ ಹೆಸರು ಬದಲಾಯಿಸಿ, ತಾರೀಖು ಹಾಗೇ ಇಡಿ. ಗಲ್ಲಿಗೇರಿದವರ ಬಾಯಲ್ಲಿ ನಿಮ್ಮ ಡೈಲಾಗ್ ಇಡಬೇಡಿ.

ಕಾಫಿಪುಡಿ:
ಮೇಷ್ಟ್ರೇ, ಸತ್ತವರ ಕಡೆಯ ಮಗು ಒಂದು ಕಣ್ಣ ಮುಂದೆ ಬರುತ್ತಿದೆ. ಶಿಕಾರಿಪುರದ ಕಚೇರಿ ಗುಮಾಸ್ತನ ಮಗಳು, ಅಪ್ಪ ಅಮಲ್ದಾರರ ಜೊತೆ ಈಸೂರಿಗೆ ಹೊರಟವನು. ಜಗಳಗಂಟಿಯನ್ನು ಆ ಮನೆಯಲ್ಲಿ ಹುಟ್ಟಿಸಿದರೆ ಹೇಗೆ?

ಶಿಕಾರಿಪುರದ ಮೇಷ್ಟ್ರು:
ಹುಟ್ಟಿಸಿ. ಅವಳ ಗೆಳತಿ ಈಸೂರಿನವಳಾಗಲಿ. ಮಳೆಗಾಲದ ಕೊನೆ, ಗದ್ದೆಯಲ್ಲಿ ಭತ್ತ ನಿಂತಿರುತ್ತದೆ. ಅದನ್ನು ಮರೆತು ಬೇಸಿಗೆ ಬರೆದೀರಿ ಮತ್ತೆ!