ಮಹಾಧಮನಿಗೆ ಅಂಟಿಕೊಂಡ ನೀರುಗುಳ್ಳೆ: ಸೂಜಿ ಹಾಕಬಾರದೇಕೆ?

ಪ್ರಶ್ನೆ (ಮುದ್ದೇಬಿಹಾಳ ತಾಲ್ಲೂಕಿನಿಂದ)

ನನ್ನ ಸೋದರಮಾವನಿಗೆ 52 ವರ್ಷ. ಚಿಕ್ಕಂದಿನಿಂದಲೂ ಕುರಿ ಕಾಯುವವರು. ಬೇಸಿಗೆಯಲ್ಲಿ ಊರೂರು ಹೊಲಗಳಲ್ಲಿ ಹಿಂಡು ನಿಲ್ಲಿಸಿ, ನಾಯಿಗಳ ಮಗ್ಗುಲಲ್ಲೇ ಕಂಬಳಿ ಹಾಸಿ ಮಲಗುತ್ತಾರೆ. ಆರು ತಿಂಗಳಿಂದ ಬೆನ್ನು ಮತ್ತು ಹೊಟ್ಟೆಯ ನೋವಿದ್ದು, ಹೊಕ್ಕುಳ ಮೇಲೆ ಕೈಯಿಟ್ಟರೆ ಮಿಡಿತ ತಿಳಿಯುತ್ತದೆ. ಮೊದಲು ತೋರಿಸಿದ ಕಡೆ ಕೀವಿನ ಗಡ್ಡೆಯೆಂದು ಭಾವಿಸಿ ಸೂಜಿಯಿಂದ ಹೀರಲು ದಿನವನ್ನೂ ಗೊತ್ತು ಮಾಡಿದ್ದರು. ವಿಜಯಪುರದ ವೈದ್ಯರು ಸಿಟಿ ಸ್ಕ್ಯಾನ್ ನೋಡಿ ಅದನ್ನು ತಡೆದು, ಇದು ಮಹಾಧಮನಿಗೆ (ಹೃದಯದಿಂದ ಹೊಟ್ಟೆಯತ್ತ ಇಳಿಯುವ ದೊಡ್ಡ ರಕ್ತನಾಳ) ಅಂಟಿದ ಹೈಡಾಟಿಡ್ ಗುಳ್ಳೆ, ಅಂದರೆ ಲಾಡಿಹುಳುವಿನ ಮರಿಯಿಂದ ಬೆಳೆಯುವ ನೀರುಗುಳ್ಳೆ, ಇರಬೇಕು ಎಂದರು. ಆದರೆ ರಕ್ತದ ಎಲಿಸಾ ಪರೀಕ್ಷೆಯಲ್ಲಿ ಏನೂ ಬಂದಿಲ್ಲ. ಹಾಗಿದ್ದೂ ಈ ರೋಗ ಇರಬಹುದೇ?

ಉತ್ತರ 1 (ಶಸ್ತ್ರಚಿಕಿತ್ಸಕ, ವಿಜಯಪುರ)

ಇರಬಹುದು. ಗುಳ್ಳೆಯ ಗೋಡೆ ಒಡೆಯದೆ ಭದ್ರವಾಗಿದ್ದರೆ ಒಳಗಿನ ದ್ರವ ರಕ್ತಕ್ಕೆ ತಾಗುವುದಿಲ್ಲ, ಆಗ ಎಲಿಸಾ ಹುಡುಕುವ ಪ್ರತಿಕಾಯಗಳನ್ನು (ರೋಗದ ವಿರುದ್ಧದ ಪ್ರೋಟೀನುಗಳು) ದೇಹ ತಯಾರಿಸದೆಯೂ ಇರಬಹುದು. ಆದ್ದರಿಂದ ಎಲಿಸಾ ಬರಲಿಲ್ಲವೆಂದು ರೋಗವನ್ನು ತಳ್ಳಿಹಾಕುವಂತಿಲ್ಲ. ಈ ಗುಳ್ಳೆಗಳಲ್ಲಿ ನೂರಕ್ಕೆ ಸುಮಾರು 70 ಯಕೃತ್ತಿನಲ್ಲಿ, 20 ಶ್ವಾಸಕೋಶದಲ್ಲಿ ಇರುತ್ತವೆ. ದೊಡ್ಡ ರಕ್ತನಾಳಗಳಲ್ಲಿ ಕಾಣುವುದು ತೀರಾ ಅಪರೂಪವಾದ್ದರಿಂದ ಮೊದಲು ನೋಡಿದವರಿಗೆ ಅದು ಹೊಳೆಯದಿದ್ದುದು ಆಶ್ಚರ್ಯವಲ್ಲ, ಆದರೆ ಮಿಡಿಯುವ ಗಡ್ಡೆಗೆ ಸೂಜಿ ಹಾಕಲು ಹೊರಟದ್ದನ್ನು ನಾನು ಒಪ್ಪಲಾರೆ. ದ್ರವ ಹೊರಚೆಲ್ಲಿದರೆ ಕ್ಷಣಗಳಲ್ಲಿ ರಕ್ತದೊತ್ತಡ ಕುಸಿಯುವಂಥ ಅಲರ್ಜಿ ಆಗಬಹುದು, ಚೆಲ್ಲಿದ ಕಡೆಯೆಲ್ಲ ಹೊಸ ಗುಳ್ಳೆಗಳು ಬೆಳೆಯಬಹುದು. ಇಲ್ಲಿಯಂತೂ ಗುಳ್ಳೆಯ ಹಿಂದೆಯೇ ಮಹಾಧಮನಿ ಇದೆ. ಯಕೃತ್ತಿನ ಕೆಲವು ಗುಳ್ಳೆಗಳನ್ನು ಸೂಜಿಯಿಂದಲೇ ವಾಸಿಮಾಡುವ ವಿಧಾನ ಉಂಟು, ಅದನ್ನು ಇಲ್ಲಿಗೆ ತರುವಂತಿಲ್ಲ.

ಈಗ ಬೇಕಾದದ್ದು ಸಿಟಿ ಆಂಜಿಯೋಗ್ರಾಂ, ಅಂದರೆ ರಕ್ತನಾಳಗಳನ್ನು ಬಿಡಿಸಿ ತೋರಿಸುವ ಸ್ಕ್ಯಾನ್. ಗುಳ್ಳೆ ನಾಳವನ್ನು ಹೊರಗಿನಿಂದ ಒತ್ತಿದೆಯೇ, ಗೋಡೆಯನ್ನು ಕೊರೆದು ಹುಸಿ ಉಬ್ಬು (ರಕ್ತ ಸೋರಿ ನಾಳದ ಪಕ್ಕ ನಿಂತ ಚೀಲ) ಉಂಟುಮಾಡಿದೆಯೇ, ಒಳಗಿನ ಮರಿಗುಳ್ಳೆಗಳು ರಕ್ತದೊಡನೆ ಕಾಲಿನ ನಾಳಗಳಿಗೆ ಇಳಿದಿವೆಯೇ ಎಂಬುದನ್ನು ಅದು ತೋರಿಸುತ್ತದೆ. ಒಂದು ಕಾಲು ತಣ್ಣಗಾದರೆ, ಬೆನ್ನುನೋವು ಹಠಾತ್ತನೆ ಹೆಚ್ಚಿದರೆ ಬೆಳಗಾಗುವವರೆಗೆ ಕಾಯಬೇಡಿ. ಶಸ್ತ್ರಚಿಕಿತ್ಸೆಯಲ್ಲಿ ಸುತ್ತಲೂ 20 ಪ್ರತಿಶತ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ ಹೊದಿಸಿ, ಗುಳ್ಳೆಯನ್ನು ತೆಗೆದು, ಧಮನಿಯ ಗೋಡೆ ಹಾಳಾಗಿದ್ದರೆ ಆ ಭಾಗಕ್ಕೆ ನಾಳದ ಕಸಿ ಹಾಕುತ್ತಾರೆ. ಅದಕ್ಕೆ ರಕ್ತನಾಳ ತಜ್ಞರೂ ರಕ್ತನಿಧಿಯೂ ಇರುವ ಆಸ್ಪತ್ರೆ ಬೇಕು.

ಉತ್ತರ 2 (ಹುನಗುಂದ)

ನಮ್ಮ ತಾಯಿಗೆ ಯಕೃತ್ತಿನಲ್ಲಿ ಇದೇ ಗುಳ್ಳೆ ಇತ್ತು. ಹುಳುವಿನ ಮಾತ್ರೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಹತ್ತುವುದು ಕಡಿಮೆ ಎಂದು ವೈದ್ಯರು ಹೇಳಿದ್ದರಿಂದ, ರೊಟ್ಟಿಯ ಮೇಲೆ ಬೆಣ್ಣೆ ಹಚ್ಚಿ ಅದರ ಜತೆಗೇ ಕೊಡುತ್ತಿದ್ದೆವು. ನಡುನಡುವೆ ಯಕೃತ್ತಿನ ಮತ್ತು ರಕ್ತಕಣಗಳ ಪರೀಕ್ಷೆಗಳನ್ನು ತಪ್ಪಿಸಲಿಲ್ಲ. ಶಸ್ತ್ರಚಿಕಿತ್ಸೆಯ ನಂತರವೂ ಮಾತ್ರೆ ಮುಂದುವರಿಯಿತು.

ಉತ್ತರ 3 (ಪಶುವೈದ್ಯ, ಬಾಗಲಕೋಟೆ)

ಮಾವನವರು ಮಟನ್ ಬಿಡಬೇಕಾಗಿಲ್ಲ, ಇದು ಮಾಂಸ ತಿಂದು ಬರುವ ರೋಗವಲ್ಲ. ಇದರ ಲಾಡಿಹುಳು ಅರ್ಧ ಸೆಂಟಿಮೀಟರಿನಷ್ಟೇ ಉದ್ದವಿದ್ದು ನಾಯಿಯ ಕರುಳಿನಲ್ಲಿರುತ್ತದೆ. ಅದರ ತತ್ತಿ ನಾಯಿಯ ಮಲದಿಂದ ಹುಲ್ಲಿಗೆ, ನೀರಿಗೆ, ನಾಯಿಯ ಕೂದಲಿಗೆ, ಅಲ್ಲಿಂದ ಮನುಷ್ಯನ ಕೈಗೆ, ಬಾಯಿಗೆ ಸೇರುತ್ತದೆ. ಕುರಿ ಕೊಯ್ದಾಗ ಬಟಾಣಿಯಿಂದ ನಿಂಬೆಹಣ್ಣಿನಷ್ಟಿರುವ, ನೀರು ತುಂಬಿದ ಬಿಳಿ ಗುಳ್ಳೆಗಳಿರುವ ಯಕೃತ್ತನ್ನು ‘ಕೆಟ್ಟದ್ದು’ ಎಂದು ಬದಿಗೆ ಎಸೆಯುತ್ತಾರೆ, ಕಾದು ಕುಳಿತ ನಾಯಿ ಅದನ್ನೇ ತಿಂದು ಮತ್ತೆ ಹುಳು ಹತ್ತಿಸಿಕೊಳ್ಳುತ್ತದೆ. ಆ ಯಕೃತ್ತನ್ನು ಆಳವಾಗಿ ಹೂಳಬೇಕು, ಇಲ್ಲವೇ ಸುಡಬೇಕು. ನಾಯಿಗಳಿಗೆ ತೂಕದ ಕಿಲೋಗೆ 5 ಮಿಲಿಗ್ರಾಂ ಪ್ರಾಜಿಕ್ವಾಂಟೆಲ್ (ಲಾಡಿಹುಳು ಕೊಲ್ಲುವ ಮಾತ್ರೆ) ಕೊಡಿಸಿ, ಆಮೇಲಿನ ಎರಡು ಮೂರು ದಿನದ ಮಲವನ್ನೂ ಹೂಳಿ. ಮನೆಯವರೆಲ್ಲರೂ ಒಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಆಂಜಿಯೋಗ್ರಾಂ ಸೋಮವಾರಕ್ಕೆ ಗೊತ್ತಾಗಿದೆ. ಇದನ್ನೆಲ್ಲ ಮಾವನಿಗೆ ಓದಿ ಹೇಳಿದಾಗ ಅವರು ಶಸ್ತ್ರಚಿಕಿತ್ಸೆಯ ವಿಷಯ ಎತ್ತಲೇ ಇಲ್ಲ. ಹಟ್ಟಿಯಲ್ಲಿ ನಾಲ್ಕು ನಾಯಿಗಳಿವೆ, ಮಾತ್ರೆ ಎಷ್ಟು ತರಬೇಕು ಎಂದು ಕೇಳಿದರು.